ಇಲ್ಲಿಂದ ಮರಳು

ಸಮುದ್ರದಂಚಿನ ಆ ಪುಟ್ಟ ರಕ್ಷಿತ ಪ್ರದೇಶವನ್ನು ಈ ತುದಿಯಿಂದ ಆ ತುದಿಗೆ ನಡೆದು ಮುಗಿಸಲು ಇಪ್ಪತ್ತು ನಿಮಿಷ ಸಾಕು. ಅದಕ್ಕಿದ್ದ ಒಬ್ಬನೇ ಕಾವಲುಗಾರ ಮಾತ್ರ, ಯಾರಾದರೂ ಕೇಳಿದರೆ, ಅರ್ಧ ಸಮುದ್ರವನ್ನು ತನ್ನ ಹೆಸರಿಗೇ ಬರೆದುಕೊಟ್ಟಿರುವಂತೆ ಮಾತಾಡುತ್ತಿದ್ದ. ವಯಸ್ಸು ಇಪ್ಪತ್ತೇಳು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಕಸ ಹೆಕ್ಕುವ ಇಕ್ಕಳ. ದುರ್ಬೀನಿಗಿಂತ ಇಕ್ಕಳಕ್ಕೇ ಹೆಚ್ಚು ಕೆಲಸವೆಂಬುದನ್ನು ಮನೆಯಲ್ಲಿ ಹೇಳಿರಲಿಲ್ಲ. ಕಾಲೇಜಿನಲ್ಲಿ ಎರಡು ಕವಿತೆ ಓದಿ ಒಂದಕ್ಕೆ ಚಪ್ಪಾಳೆ ಗಿಟ್ಟಿಸಿದ್ದನೆಂದು ಟಿಕೆಟ್ ಕೊಡುವಾಕೆ ಅವನನ್ನು "ಕವಿಗಳು" ಎನ್ನುತ್ತಿದ್ದಳು. ಅದರೊಳಗಿನ ಕುಚೋದ್ಯ ತಿಳಿಯದಷ್ಟು ದಡ್ಡನಲ್ಲ. ಆದರೂ ಒಳಗೊಳಗೇ ಉಬ್ಬುತ್ತಿದ್ದ.

ಆ ವರ್ಷ ಮರಳಿನ ದಿಬ್ಬದ ಮೇಲೆ ಮುಷ್ಟಿಗಾತ್ರದ ಹಕ್ಕಿಯೊಂದು ಮೂರು ಮೊಟ್ಟೆ ಇಟ್ಟಿತು. ಗೂಡೆಂದರೆ ಬರೀ ಒಂದು ಕುಳಿ. ಮೊಟ್ಟೆಗಳೂ ನೆಲದ್ದೇ ಬಣ್ಣ. ಮೇಲ್ವಿಚಾರಕರು ಸುತ್ತ ಹಗ್ಗ ಕಟ್ಟಿಸಿದರು.

"ನೋಡಪ್ಪಾ, ಎರಡು ವರ್ಷದಿಂದ ಇಲ್ಲಿ ಒಂದು ಮರಿಯೂ ಆಗಿಲ್ಲ. ಈ ಸಲವೂ ಹೋದ್ರೆ ದಿಬ್ಬಾನ ಜನಕ್ಕೆ ಬಿಟ್ಟುಬಿಡ್ತಾರೆ. ಆಮೇಲೆ ಕಾಯೋದಕ್ಕೆ ಏನಿರುತ್ತೆ? ನೀನೂ ಬೇಕಾಗಲ್ಲ. ಒಂದು ಬೋರ್ಡ್ ಬರೆದು ಹಾಕು."

'ಒಳಗೆ ಹೋಗಬೇಡಿ' ಎಂದು ಯಾರು ಬೇಕಾದರೂ ಬರೆದಾರು. ಅವನು ಅರ್ಧ ದಿನ ಪೆನ್ಸಿಲ್ ಕಚ್ಚಿ, ಕೊನೆಗೆ ನೀಲಿ ಬಣ್ಣದಲ್ಲಿ ಬರೆದ: 'ಇಲ್ಲಿಂದ ಮರಳು.' ಹಿಂತಿರುಗು ಎಂದರ್ಥ. ಬಂದವರಿಗೆಲ್ಲ ಏಕವಚನವೇ ಎಂದು ಟಿಕೆಟಿನಾಕೆ ಕೇಳಿದ್ದಕ್ಕೆ, ಕವಿತೆಯಲ್ಲಿ ದೇವರಿಗೂ ಏಕವಚನವೇ ಎಂದು ತಿಳಿಹೇಳಿದ.

ಭಾನುವಾರ ಅವನ ಅಕ್ಕ ಬಂದಳು. ಹತ್ತು ವರ್ಷ ದೊಡ್ಡವಳು, ತಮ್ಮನ ಮೂಗು ಒರೆಸಿ ಬೆಳೆಸಿದವಳು.

"ಸಾಹೇಬರ ಆಫೀಸು ನೋಡೋಣ ಅಂತ ಬಂದೆ."

ಸಾಹೇಬರು ಇಕ್ಕಳವನ್ನು ಬೆನ್ನ ಹಿಂದೆ ಅಡಗಿಸಿ, ಬೆಂಚಿನ ಮೇಲೆ ಅವಳನ್ನು ಕೂರಿಸಿ, ಸಮುದ್ರದ ಕಡೆ ಮುಖ ಮಾಡಿ ಹಕ್ಕಿಗಳ ವಲಸೆಯ ಬಗ್ಗೆ ಭಾಷಣ ಶುರುಮಾಡಿದರು. ಕಾಲು ಗಂಟೆಯ ಬಳಿಕ ತಿರುಗಿ ನೋಡಿದರೆ ಬೆಂಚು ಖಾಲಿ. ಅಕ್ಕ ಹಗ್ಗ ದಾಟಿ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ದಿಬ್ಬದ ನಟ್ಟನಡುವೆ ನಿಂತಿದ್ದಳು. ಹಕ್ಕಿ ಗೂಡು ಬಿಟ್ಟು ಹಾರಿತ್ತು.

ಅವನು ಹಗ್ಗದವರೆಗೆ ಓಡಿದ. "ಅಲ್ಲೇ ನಿಲ್ಲಕ್ಕ. ಕಾಲು ಎತ್ತಬೇಡ."

"ಯಾಕೋ, ಹಾವಾ?"

"ಮೊಟ್ಟೆ. ನಿನ್ನ ಮುಂದೇ ಇದೆ. ಬೋರ್ಡ್ ಓದ್ಲಿಲ್ವಾ?"

"ಓದಿದ್ದಕ್ಕೇ ಚಪ್ಪಲಿ ಬಿಚ್ಚಿದ್ದು ಕಣೋ. ಇಲ್ಲಿತನಕ ಕಲ್ಲು, ಇಲ್ಲಿಂದ ಮರಳು. ಎಷ್ಟು ಕಾಳಜಿಯಿಂದ ಹಾಕಿದ್ದಾರೆ ಅಂದ್ಕೊಂಡೆ."

"ಮತ್ತೆ ಹಗ್ಗ?"

"ಹತ್ತೋವಾಗ ಹಿಡ್ಕೊಳ್ಳೋದಕ್ಕೆ ಅಂತ. ಯಾರೋ ಬರೆದಿದ್ದು ಅದು?"

ಕವಿಗಳು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. "ತಿರುಗಬೇಡ. ಬಂದ ಹೆಜ್ಜೆ ಮೇಲೇ ಹಿಂದಕ್ಕೆ ಬಾ. ಮೊದಲು ಎಡಗಾಲು. ಅದಲ್ಲ, ಎಡಗಾಲು."

"ನಿಂಗೆ ನಡೆಯೋದು ಕಲಿಸಿದ್ದೇ ನಾನು," ಎಂದು ಗೊಣಗುತ್ತ ಅಕ್ಕ ಒಂದೊಂದೇ ಹೆಜ್ಜೆ ಹಿಂದಿಟ್ಟಳು. ಹದಿನೇಳು ಹೆಜ್ಜೆ. ಹಗ್ಗದ ಈಚೆ ಬಂದ ಮೇಲೆ ಅವನು ದುರ್ಬೀನು ಹಿಡಿದು ನೋಡಿದ. ಮೂರೂ ಇದ್ದವು. ಅವಳು ನಿಂತಿದ್ದ ಜಾಗದ ಹೆಜ್ಜೆಗುರುತು ಮೊಟ್ಟೆಗಳಿಂದ ಒಂದೇ ಗೇಣಿನಾಚೆಗಿತ್ತು.

ಹಕ್ಕಿ ಮಾತ್ರ ಇರಲಿಲ್ಲ. ಆ ಬಿಸಿಲಿಗೆ ಬರಿಮೊಟ್ಟೆ ಹೆಚ್ಚು ಹೊತ್ತು ತಾಳುವುದಿಲ್ಲವೆಂದು ಅವನು ಹೇಳಿದ. ಅಕ್ಕ ಬೆಂಚಿನ ಹಿಂದೆ ಕುಕ್ಕರುಗಾಲಲ್ಲಿ ಕೂತಳು, ಅವನೂ ಕೂತ. ಹುಟ್ಟಿದಾಗಿನಿಂದ ಅಕ್ಕ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದನ್ನು ಅವನು ಕಂಡಿರಲಿಲ್ಲ. ತನ್ನ ಕೆಲಸ ಹೋಗುವುದೇ ಆದರೆ ಹೀಗೆ, ಒಂದು ವ್ಯಾಕರಣದ ಜಂಬಕ್ಕೆ ಹೋಗಬೇಕೇ ಎನಿಸಿತು.

ಕೊನೆಗೆ ಹಕ್ಕಿ ನೀರಂಚಿನಲ್ಲಿ ಇಳಿಯಿತು. ನಾಲ್ಕು ಹೆಜ್ಜೆ ಓಡಿತು, ನಿಂತಿತು. ಮತ್ತೆ ಓಡಿ ಅಕ್ಕನ ಹೆಜ್ಜೆಗುರುತುಗಳನ್ನು ಬಳಸಿಕೊಂಡು ಹೋಗಿ, ಹೊಟ್ಟೆಯ ಗರಿ ಕೆದರಿ, ಮೊಟ್ಟೆಗಳ ಮೇಲೆ ಕೂತಿತು.

"ಉಸಿರು ಬಿಡಬಹುದೇನೋ?" ಅಕ್ಕ ಪಿಸುಗುಟ್ಟಿದಳು.

"ಮೆಲ್ಲಗೆ," ಎಂದ.

ಅಕ್ಕ ಮೆಲ್ಲಗೇ ಬಿಟ್ಟಳು.