ಅಡಿಯಲ್ಲಿ ಒಸರುವ ಎಣ್ಣೆಡಬ್ಬಿ

ಪೊಳ್ಳಾಚಿಯ ಹಾರ್ಡ್‌ವೇರ್ ಅಂಗಡಿಯವನಿಗೆ ಮೊನ್ನೆ ನನ್ನ ಮೇಲೆ ಬೇಸರವೇ ಬಂದಿತ್ತು. ಒತ್ತಿದರೆ ಪಿಚಕ್ಕನೆ ಎಣ್ಣೆ ಚಿಮ್ಮುವ ಕೈಪಂಪಿನ ಡಬ್ಬಿಗಳನ್ನು ಒಂದೊಂದಾಗಿ ತೆಗೆಸಿ, ಎಣ್ಣೆ ತುಂಬಿಸಿ, ಹಳೇ ಪೇಪರಿನ ಮೇಲೆ ನಿಲ್ಲಿಸಿ, ಕಾಲು ಗಂಟೆ ಕಾದು ಅಡಿ ನೋಡುತ್ತಿದ್ದೆ. ಕೆಲಸ ಬಿಟ್ಟ ಮೇಲೆ ಮನೆ ಹಿಂದಿನ ಶೆಡ್ಡಿನಲ್ಲಿ ಹಳೇ ಮಿಷನ್ ಬಿಚ್ಚಿ ಕೂಡಿಸುವುದೇ ನನ್ನ ಕಾಲಕ್ಷೇಪ ನೋಡಿ. ಕೊನೆಗೊಂದು ಆರಿಸಿ ತಂದು, ಎಣ್ಣೆ ಬಸಿದು, ಅಡಿಯ ಜೋಡಣೆಗೆ ಸುತ್ತಲೂ ಇನ್ನೊಂದು ಸಲ ಬೆಸುಗೆ ಹಾಕಿದೆ. ಮೂತಿಯ ಬುಡಕ್ಕೆ ತಾಮ್ರದ ತಂತಿ ಬಿಗಿದೆ. ಒಳಗಿನ ವಾಷರ್ ಕಿತ್ತು ಚರ್ಮದ್ದು ಕೂರಿಸಿದೆ.

"ಇಷ್ಟು ಜೋಪಾನ ನನ್ನನ್ನಾದರೂ ಮಾಡಿದ್ದೀರಾ?" ಎಂದಳು ಹೆಂಡತಿ. ನಕ್ಕುಬಿಟ್ಟೆ. ಕಾರಣ ಅವಳಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ.

ತಿರುಪ್ಪೂರಿನಲ್ಲಿದ್ದಾಗ ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಹೊಲಿಗೆ ಮಿಷನ್ ಇಟ್ಟಿದ್ದೆ. ಕಂಪನಿಯಿಂದ ಬಿಳಿ ಬನಿಯನ್ನಿನ ತುಂಡುಗಳು ಬರುತ್ತಿದ್ದವು, ತೋಳು ಕೂಡಿಸಿ ಕೊಡಬೇಕು. ಮೂರು ಮಿಷನ್ನಿಗೆ ಬೀದಿಯ ಹೆಂಗಸರು, ನಾಲ್ಕನೆಯದಕ್ಕೆ ನಂಜಕ್ಕ, ನನ್ನ ದೊಡ್ಡಪ್ಪನ ಮಗಳು. ಕಡಲೆಕಾಯಿ ಹೊಲದಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ನಮ್ಮ ಕಡೆ ಕನ್ನಡ ಮನೆಯೊಳಗಿನ ಮಾತು; ಹೊಸ್ತಿಲು ದಾಟಿದರೆ ತಮಿಳು.

ಮಿಷನ್ನುಗಳಿಗೆ ಎಣ್ಣೆಡಬ್ಬಿ ಆರಿಸಿದ್ದು ನಾನೇ. ಸಂತೆಯಲ್ಲಿ ತಗಡಿನದೊಂದು ಅಗ್ಗಕ್ಕೆ ಸಿಕ್ಕಿತ್ತು. ವಾರ ಕಳೆಯುವುದರೊಳಗೆ ನಂಜಕ್ಕ, "ಲೇ ತಮ್ಮಾ, ಇದು ಅಡೀಲಿ ಒಸರ್ತದೆ. ಬೇರೆ ವಾಂಗ್ಕಂಡು ಬಾ" ಎಂದಳು. ವಾಂಗುವುದೆಂದರೆ ನಮ್ಮ ಕಡೆ ಕೊಳ್ಳುವುದು. ನಾನು ಸಂದಿಗೆ ಬಟ್ಟೆಸೋಪು ತೀಡಿ, ದೊಡ್ಡ ಮೆಕ್ಯಾನಿಕ್ಕಿನಂತೆ ಮೀಸೆ ತಿರುವಿದೆ. ಸೋಪು ಎಷ್ಟು ದಿನ ತಡೆದೀತು?

ಒಂದು ಬೆಳಿಗ್ಗೆ ಕಂಪನಿಯ ಮೇಸ್ತ್ರಿ ಪರೀಕ್ಷೆಗೆ ಬಂದ. ನಂಜಕ್ಕನ ಮೇಜಿನ ಮೇಲೆ ಡಬ್ಬಿಯ ಪಕ್ಕದ ಬಟ್ಟೆಕಟ್ಟು ಎತ್ತಿದರೆ ಅಡಿಯ ತುಂಡುಗಳಿಗೆಲ್ಲ ಹಳದಿ ಎಣ್ಣೆ ಹಬ್ಬಿದೆ. "ಯಾರ ಕೆಲಸ ಇದು?" ಎಂದ. ಡಬ್ಬಿ ನನ್ನದು, ತಪ್ಪು ನನ್ನದು ಎನ್ನಬೇಕಿತ್ತು. ಕಂಪನಿ ಕೆಲಸ ಕೈತಪ್ಪೀತೆಂಬ ಭಯ. ನಂಜಕ್ಕನ ಕಡೆ ತಿರುಗಿ ತಮಿಳಿನಲ್ಲಿ, "ಏಮ್ಮಾ, ಕಣ್ಣು ಕಾಣಲ್ವಾ? ಎಣ್ಣೆ ಕೈಯಲ್ಲೇ ಬಟ್ಟೆ ಮುಟ್ತೀಯಾ? ನಾಳೆಯಿಂದ ಬರಬೇಡ!" ಎಂದು ಕೂಗಿದೆ. ಮೇಸ್ತ್ರಿಗೆ ಸಮಾಧಾನವಾಯಿತು. ನಂಜಕ್ಕ ಕತ್ತರಿ ಮೇಜಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು.

ಅವತ್ತು ಸಂಜೆಯೇ ಹೊಸ ಡಬ್ಬಿ ತಂದೆ ಎಂಬುದನ್ನು ಹೇಳಲೂ ನಾಚಿಕೆ. ಅವಳನ್ನು ಕರೆಯಲು ಮಾತ್ರ ಹೋಗಲಿಲ್ಲ. ಮದುವೆಮನೆಗಳಲ್ಲಿ ಅವಳು ಕೂತ ಪಂಕ್ತಿ ಎದ್ದ ಮೇಲೆ ನಾನು ಉಣ್ಣಲು ಕೂರುತ್ತಿದ್ದೆ. ಹೀಗೆ ಹದಿನೆಂಟು ವರ್ಷ.

ಬೆಸುಗೆ ಹಾಕಿದ ಮರುದಿನ ಬಸ್ಸು ಹತ್ತಿ ಉಡುಮಲೈಪೇಟೆಗೆ, ಅವಳ ಮನೆಗೆ ಹೋದೆ. ಜಗಲಿಯಲ್ಲಿ ಕೊಬ್ಬರಿ ಹೆಚ್ಚುತ್ತಿದ್ದಳು. ಕೂತು ಎಲ್ಲ ಒಪ್ಪಿಕೊಂಡೆ: ಡಬ್ಬಿ ಒಸರುತ್ತಿತ್ತು, ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದೆ ಎಂದು.

"ಒಸರ್ತದೆ ಅಂತ ಹೇಳಿದ್ದೇ ನಾನಲ್ವೇನೋ," ಎಂದಳು ಕೈ ನಿಲ್ಲಿಸದೆ. "ಬೈದಿದ್ದೂ ಹೋಗ್ಲಿ. ನನ್ನ ಹತ್ರ ತಮಿಳಲ್ಲಿ ಮಾತಾಡಿದೆ ನೋಡು. ಯಾರೋ ಬೀದೀಲಿ ಹೋಗೋಳನ್ನ ಕರೆದಂಗೆ ಏಮ್ಮಾ ಅಂದೆ. ಆ ಮೇಸ್ತ್ರಿ ಮುಂದೆ ಅಕ್ಕ ಅನ್ನೋಕೆ ಬಾಯಿ ಬರ್ಲಿಲ್ಲ ನಿಂಗೆ."

ಅಲ್ಲಿಯವರೆಗೆ ನಾನು ನಾಚಿಕೊಂಡದ್ದು ಬೇರೆಯೇ ತಪ್ಪಿಗೆ.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಮೊರ ಕೇಳಲು ಬಂದು, ಯಾರು ಬಂದಿರುವುದು ಎಂದು ತಮಿಳಿನಲ್ಲಿ ವಿಚಾರಿಸಿದಳು. "ಮುಂಚೆ ಕೆಲಸಕ್ಕಿದ್ದ ಕಡೆಯ ಮುದಲಾಳಿ," ಎಂದು ನಂಜಕ್ಕನೂ ತಮಿಳಿನಲ್ಲೇ ಹೇಳಿದಳು. ಮುದಲಾಳಿ ಎಂದರೆ ಧಣಿ. ಹೆಂಗಸು ನನಗೆ ಕೈಮುಗಿದಳು.

"ಅಲ್ಲಮ್ಮಾ, ನಾನು ಇವಳ ತಮ್ಮ," ಎಂದೆ ತಮಿಳಿನಲ್ಲಿ. ಆಕೆ ನಂಜಕ್ಕನ ಮುಖ ನೋಡಿದಳು. ನಂಜಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮೊರ ಕೊಟ್ಟು ಕಳಿಸಿ, ಒಳಗೆ ಹೋಗುತ್ತಾ, ತಿರುಗಿ ನೋಡದೆಯೇ ಕನ್ನಡದಲ್ಲಿ ಕೇಳಿದಳು:

"ಉಣ್ಣೋಕೆ ನಿಲ್ತೀಯೋ, ಬಸ್ಸಿಗೆ ಹೋಗ್ತೀಯೋ?"

ನಿಂತೆ.