ನಂಬರ್ ಹೊಡೆದರೆ ಬರುವ ಹೆಸರು

ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ ದಿನಾ ಸ್ಕೂಟರಿನಲ್ಲಿ ಹೋಗುತ್ತೇನೆ. ಅಲ್ಲಿ ಕಾಲೇಜಿನ ಲೈಬ್ರರಿ ನೋಡಿಕೊಳ್ಳುವ ಕೆಲಸ. ಓಡಿಸುವವಳು ನಾನಾದರೂ ಸ್ಕೂಟರಿನ ಆರ್‌ಸಿ ಗಂಡನ ಹೆಸರಿನಲ್ಲಿದೆ. ಅವನು ನನ್ನನ್ನು ಬಿಟ್ಟು ನಾವಿದ್ದ ಸಾಗರದಲ್ಲೇ ಬೇರೆ ಸಂಸಾರ ಹೂಡಿ ಆರು ವರ್ಷವಾಯಿತು. ಯಾರೂ ಏನೂ ಕೇಳದಿರಲಿ ಎಂದೇ ನಾನು ಸಾಗರ ಬಿಟ್ಟು ಈ ಊರಿಗೆ ಬಂದದ್ದು. ಆರ್‌ಸಿ ಬದಲಾಯಿಸಲು ಅವನ ಮುಖ ನೋಡಬೇಕು. ಅದು ನನ್ನಿಂದಾಗಲಿಲ್ಲ.

ಪೊಲೀಸರು ಈಗೀಗ ಕಾಗದಪತ್ರ ಕೇಳುವುದೇ ಕಡಿಮೆ. ಹೋಗಿಬರುವ ಗಾಡಿಗಳ ನಂಬರನ್ನು ಮೊಬೈಲಿನಲ್ಲಿ ಹೊಡೆದರೆ ಮಾಲೀಕರ ಹೆಸರು ಬರುತ್ತದೆ. ಮೊದಲ ಸಲ ಸರ್ಕಲ್ಲಿನಲ್ಲಿ ತಡೆದ ಕಾನ್‌ಸ್ಟೇಬಲ್, "ಇವ್ರು ನಿಮಗೇನಾಗ್ಬೇಕು ಮೇಡಂ?" ಎಂದ. ಬಸ್ಸಿಗೆ ಕಾದು ನಿಂತವರೆಲ್ಲ ನನ್ನತ್ತ ತಿರುಗಿದರು. ಅಣ್ಣ ಎಂದೆ. ಮತ್ತೊಂದು ಸಲ ಬೇರೊಬ್ಬ ಕಾನ್‌ಸ್ಟೇಬಲ್ ಕೇಳಿದಾಗ ಚಿಕ್ಕಪ್ಪ ಎಂದೆ.

ಸುಳ್ಳು ಹೇಳಿ ಹೇಳಿ ಸುಸ್ತಾಯಿತು. ಮಹಡಿ ಮೇಲಿನ ಮನೆಯ ವಕೀಲರ ಬಳಿ ಹೋಗಿ, ತಪ್ಪೇ ಮಾಡದವರ ನಂಬರ್ ತೆಗೆದು ನೋಡಲು ಇವರಿಗೇನು ಅಧಿಕಾರ ಎಂದು ಕೇಳಿದೆ.

"ನಂಬರ್ ಪ್ಲೇಟ್ ಹಾಕೋದೇ ನೋಡ್ಲಿ ಅಂತ ಅಲ್ವೇನಮ್ಮಾ? ನೋಡಕ್ಕೆ ಕಾರಣ ಎಂತಕ್ಕೆ?"

"ಅದರ ಹಿಂದಿರೋ ಹೆಸರು?"

"ಅದೂ ಸರ್ಕಾರದ ಹತ್ರನೇ ಇರೋದು. ನಿಮ್ಮ ಗಾಡಿ ಸರಿ ಇದ್ರೆ ಹೆದರಿಕೆ ಎಂತದು?"

ಹೆದರಿಕೆ ಗಾಡಿಯದಲ್ಲ ಎಂದು ಅವರಿಗೆ ಬಿಡಿಸಿ ಹೇಳುವ ತ್ರಾಣ ನನಗಿರಲಿಲ್ಲ. ಹೂಂ ಎಂದು ಮೆಟ್ಟಿಲಿಳಿದೆ.

ಮೊನ್ನೆ ಅದೇ ಮೊದಲಿನ ಕಾನ್‌ಸ್ಟೇಬಲ್ ಮತ್ತೆ ತಡೆದ. ನನಗೋ ಯಾರಿಗೆ ಏನು ಹೇಳಿದ್ದೆನೆಂಬ ನೆನಪೇ ಇರಲಿಲ್ಲ. ಬಾಯಿಗೆ ಬಂದಂತೆ ಭಾವ ಎಂದುಬಿಟ್ಟೆ.

"ಹೋದ್ಸಲ ಅಣ್ಣ ಅಂದಿದ್ರಲ್ಲ ಮೇಡಂ?"

ಸ್ಕೂಟರಿನ ಕೀ ತೆಗೆದುಕೊಂಡ. ಕದ್ದ ಗಾಡಿಯೆಂದು ಅನುಮಾನ ಬಂದಿರಬೇಕು. ದಾಖಲೆಯಲ್ಲಿದ್ದ ಫೋನ್ ನಂಬರಿಗೆ ಕರೆ ಮಾಡಿ ಸ್ಪೀಕರ್ ಹಾಕಿದ. ಬೇಡ ಎನ್ನುವಷ್ಟರಲ್ಲಿ ಆ ಕಡೆಯಿಂದ ಅವನು ಹಲೋ ಎಂದಾಗಿತ್ತು. ಆರು ವರ್ಷದ ಮೇಲೆ ಕೇಳಿದ ದನಿ. ಹೆಂಗಸೊಬ್ಬರು ಸ್ಕೂಟರ್ ಓಡಿಸುತ್ತಿದ್ದಾರೆಂದು ಕಾನ್‌ಸ್ಟೇಬಲ್ ಹೇಳಿದ.

"ಗಾಡಿ ಅವ್ರದ್ದೇ ಸರ್, ಕೊಟ್ಬಿಡಿ."

"ಅವ್ರು ನಿಮಗೇನಾಗ್ಬೇಕು?"

ನಾನು ಫೋನಿನ ಹತ್ತಿರಕ್ಕೆ ಬಾಗಿದೆ.

"ಏನೂ ಆಗ್ಬೇಕಿಲ್ಲ ಸರ್."

ಕಾನ್‌ಸ್ಟೇಬಲ್ ಕೀ ನನ್ನ ಕೈಗಿಟ್ಟು ಬೇರೆ ಕಡೆ ನೋಡಿದ. ಊರಾಚೆಯ ಸಕ್ಕರೆ ಗೋದಾಮಿನ ತಿರುವಿನವರೆಗೂ ಹೇಗೋ ಓಡಿಸಿದೆ, ಆಮೇಲೆ ಗಾಡಿ ನಿಲ್ಲಿಸಿ ಅತ್ತೆ. ಊರವರ ಮುಂದೆ ಏನೇ ಹೇಳಿರಲಿ, ಆ ದಿನದವರೆಗೂ ನನ್ನ ಮನಸ್ಸಿನಲ್ಲಿ ಅವನು ಗಂಡನೇ ಆಗಿದ್ದ.