ದನಿ ಸೋಸುವ ಸಾಣಿಗೆ

ಹೋದ ತಿಂಗಳು ಮೊಮ್ಮಗಳನ್ನು ನೋಡಲೆಂದು ಸಿಂಧನೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಟಿ.ವಿ. ರಿಪೇರಿ ಅಂಗಡಿಯ ಮುಂದೆ ಹಾಯುವಾಗ ರಾಳ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬೆಸುಗೆ ಹಾಕುವವರು ಕಾದ ಕಡ್ಡಿಯನ್ನು ರಾಳಕ್ಕೆ ತಾಗಿಸಿದಾಗ ಏಳುವ ಹೊಗೆ ಅದು. ನನ್ನ ಕಾಲುಗಳು ಅಲ್ಲಿಯೇ ನಿಂತವು.

“ಯಾಕ್ರಿ ಅಜ್ಜಾರ, ಏನರ ರಿಪೇರಿ ಐತೇನ್ರಿ?” ಎಂದ ಅಂಗಡಿಯವನು. ಏನಿಲ್ಲಪ್ಪ ಎಂದು ಮುಂದೆ ನಡೆದೆ. ಆದರೆ ಆ ಹೊಗೆ ಮೊಮ್ಮಗಳ ಮನೆಯವರೆಗೂ ಬಂತು. ಊಟಕ್ಕೆ ಕುಳಿತರೂ ಬಿಡಲಿಲ್ಲ...

ಆಗ ಲಿಂಗಸುಗೂರಿನಲ್ಲಿ ನಮ್ಮದೊಂದು ಕಾಳಿನ ಅಂಗಡಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಗಾದಿಯ ಮೇಲೆ ಕುಳಿತವನು ನಾನು. ವಯಸ್ಸು ಇಪ್ಪತ್ತನಾಲ್ಕು, ಬುದ್ಧಿ ಅದರ ಅರ್ಧ. ಕುಳಿತ ವರ್ಷವೇ ಒಂದು ಬ್ಯಾಟರಿ ರೇಡಿಯೊ ತಂದೆ. ಊರಲ್ಲಿ ರೇಡಿಯೊ ಇದ್ದವರು ಬೆರಳೆಣಿಕೆಯ ಮಂದಿ, ಅದರಲ್ಲಿ ನಾನೊಬ್ಬ ಎಂಬ ಜಂಬ. ಮೂರು ತಿಂಗಳಿಗೆ ಅದು ಮೂಕಾಯಿತು. ಜಂಬವೂ ಮೂಕಾಯಿತು. ಆಗ ನಮ್ಮವ್ವ, “ಹಿತ್ತಲ ಗ್ವಾಡಿ ಆಚೀಕ ಚಾಚಾ ಅದಾನಲ್ಲ, ಅವನಿಗೆ ತೋರಿಸು” ಎಂದಳು.

ಗೋಡೆಯಾಚೆಯ ಆ ಮನುಷ್ಯನನ್ನು ಊರೆಲ್ಲ ಚಾಚಾ ಎಂದೇ ಕರೆಯುತ್ತಿತ್ತು. ನಿಜಾಮರ ಕಾಲದಲ್ಲಿ ಸರ್ಕಾರದ ವೈರ್‌ಲೆಸ್ ಕೆಲಸದಲ್ಲಿದ್ದವರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ದೂರದಿಂದ ಬರುವ ಕಟಕಟ ಸದ್ದನ್ನು ಅಕ್ಷರ ಮಾಡಿ ಬರೆದುಕೊಳ್ಳುವ ಕೆಲಸ. ನಿಜಾಮರ ಆಳ್ವಿಕೆ ಮುಗಿದ ನಲವತ್ತೆಂಟರ ಗದ್ದಲದಲ್ಲಿ ನೌಕರಿ ಹೋಯಿತು. ಅದೇ ಗದ್ದಲದಲ್ಲಿ ಅವರ ಇಬ್ಬರು ಗಂಡು ಮಕ್ಕಳು, ಇಪ್ಪತ್ತರ ಕಲೀಂ ಮತ್ತು ಹದಿನೆಂಟರ ಸಲೀಂ, ಹೆದರಿ ಊರು ಬಿಟ್ಟು ಗಡಿ ದಾಟಿದರು. ಚಾಚಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಒಂಟಿಯಾದ ಚಾಚಾ ಪೆಟ್ರೋಮ್ಯಾಕ್ಸು, ಗಡಿಯಾರ, ಟಾರ್ಚು ಏನು ಕೊಟ್ಟರೂ ರಿಪೇರಿ ಮಾಡಿಕೊಂಡಿದ್ದರು.

ರಾಳದ ಹೊಗೆ ಎಬ್ಬಿಸಿ ಬೆಸುಗೆ ಹಾಕುತ್ತಾ ಕುಳಿತ ಚಾಚಾನ ಕೈಯಲ್ಲಿ ನನ್ನ ರೇಡಿಯೊಗೆ ಒಂದೇ ಮಧ್ಯಾಹ್ನದಲ್ಲಿ ಬಾಯಿ ಬಂತು. ಎಷ್ಟು ಕೊಡಲಿ ಎಂದರೆ ಬೇಡವೆಂದು ತಲೆಯಾಡಿಸಿದರು.

“ಏನೂ ಬ್ಯಾಡ ಬೇಟಾ. ಶುಕ್ರವಾರ ಸಂಜಿಮುಂದ ಅರ್ಧ ತಾಸು ಈ ಸೆಟ್ಟು ನನಗ ಬಿಟ್ಟುಕೊಡು. ಅಷ್ಟ ಸಾಕು.”

ಕಾರಣ ಆಮೇಲೆ ತಿಳಿಯಿತು. ಗಡಿಯಾಚೆಯ ಒಂದು ಸ್ಟೇಷನ್ನು ಶುಕ್ರವಾರ ಹೊತ್ತು ಮುಳುಗುವಾಗ ಚೀಟಿಗಳನ್ನು ಓದುತ್ತಿತ್ತು: ಅಲ್ಲಿಗೆ ಹೋದವರು ಇಲ್ಲಿ ಉಳಿದವರಿಗೆ ಬರೆದ ಎರಡೆರಡು ಸಾಲು. ಚಾಚಾನ ಮಕ್ಕಳ ಜೊತೆಯೇ ಗಡಿ ದಾಟಿ ವರ್ಷದ ಮೇಲೆ ತಿರುಗಿ ಬಂದ ಮುದಗಲ್ಲಿನವನೊಬ್ಬ ಅವರಿಗೆ ಒಂದು ಸುದ್ದಿ ಹೇಳಿದ್ದ. ಲಿಂಗಸುಗೂರಿನ ವೈರ್‌ಲೆಸ್‌ನವರ ಹುಡುಗರಲ್ಲಿ ಒಬ್ಬ ನಿರಾಶ್ರಿತರ ಕ್ಯಾಂಪಿನಲ್ಲಿ ಜ್ವರದಿಂದ ಸತ್ತನಂತೆ. ಯಾವನು? ಅದು ಅವನಿಗೆ ಗೊತ್ತಿರಲಿಲ್ಲ. ಕಲೀಮೋ ಸಲೀಮೋ, ಹೆಸರು ಒಂದೇ ತರಹ ಇದ್ದವಲ್ಲ ಎಂದನಂತೆ. ಪುಣ್ಯಾತ್ಮ, ಅಷ್ಟಾದರೂ ಯಾಕೆ ಹೇಳಿದನೋ...

ಅಂದಿನಿಂದ ಚಾಚಾ ಯಾರಿಗೆಂದು ಅಳಬೇಕು, ಯಾರಿಗೆಂದು ದುವಾ ಕೇಳಬೇಕು ತಿಳಿಯದೆ ಕುಳಿತಿದ್ದರು. ಸತ್ತವರಿಗೆ ಓದಿಸುವ ಫಾತಿಹಾ, ಇಬ್ಬರಿಗೂ ಓದಿಸುವಂತಿಲ್ಲ, ಒಬ್ಬನಿಗೂ ಓದಿಸುವಂತಿಲ್ಲ.

ಶುಕ್ರವಾರಗಳು ಕಳೆದವು. ಆ ಸ್ಟೇಷನ್ನಿಗೆ ಒತ್ತಿಕೊಂಡೇ ಇನ್ನೊಂದು ಜೋರಿನ ಸ್ಟೇಷನ್ ಇತ್ತು. ಚೀಟಿ ಓದುವವನು ಬಾಯಿ ತೆರೆದನೆಂದರೆ ಅದರ ತಬಲಾ, ಸಾರಂಗಿ ನುಗ್ಗಿ ಬರುತ್ತಿದ್ದವು. ಯಾವುದೋ ಊರು, ಯಾರದೋ ಹೆಸರು, ಅದರ ಮೇಲೊಂದು ತಾನ. ಕಡೆಗೆ ಚಾಚಾ, “ಇದಕ್ಕ ಬ್ಯಾರೇನ ಸಾಣಿಗಿ ಕಟ್ಟಬೇಕು” ಎಂದರು. ರೇಡಿಯೊಗೆ ಎಂಥ ಸಾಣಿಗೆ ಎಂದು ನಾನು ನಕ್ಕೆ.

“ನಗಬ್ಯಾಡ. ನಿಮ್ಮ ಅಂಗಡ್ಯಾಗ ಎರಡು ಸಾಣಿಗಿ ಅದಾವಲ್ಲ? ಮ್ಯಾಲಿನದರಾಗ ಕಲ್ಲು, ಕಡ್ಡಿ ನಿಂದರ್ತಾವ. ಕೆಳಗಿನದರಾಗ ಮಣ್ಣು, ಹುಡಿ ಸೋರಿ ಹೋಗ್ತದ. ನಡುವ ಉಳಿಯೋದು ಜ್ವಾಳ. ದನೀಗೂ ಹಂಗ. ಆ ಕಡೀದೂ ಬ್ಯಾಡ, ಈ ಕಡೀದೂ ಬ್ಯಾಡ, ನಡುವಿಂದಷ್ಟ ಬಿಡಬೇಕು.”

ಕಾಗದದ ಕೊಳವೆಯೊಂದರ ಮೇಲೆ ಕೂದಲಿನಂಥ ತಾಮ್ರದ ತಂತಿಯಿಂದ ಎರಡು ಸುರುಳಿ ಸುತ್ತುವುದು, ಅದಕ್ಕೆ ಚಹಾ ಡಬ್ಬಿಯ ತಗಡಿನ ಕವಚ. ಇದು ಅವರ ಸಾಣಿಗೆ. ಎರಡು ಸುರುಳಿಯೂ ಒಂದೇ ಲೆಕ್ಕದ್ದಿರಬೇಕು. ಒಂದನ್ನು ಅವರೇ ಸುತ್ತಿ ಎಣಿಸಿದರು. ಎರಡನೆಯದಕ್ಕೆ ಕಣ್ಣು ದಣಿದು, ಎಣಿಸುವ ಕೆಲಸ ನನಗೆ ಕೊಟ್ಟರು. ಕಾಳು ಅಳೆಯುವವರು ನಾವು. ಏಳು ಎಂದರೆ ಲಕ್ಷ್ಮಿ ಎದ್ದು ಹೋದಾಳೆಂದು ಏಳರ ಬದಲು ‘ಮತ್ತೊಂದು’ ಎನ್ನುತ್ತೇವೆ. ನಾನು ಹತ್ತು ಹತ್ತಾಗಿ ಅದೇ ರಾಗದಲ್ಲಿ ಎಣಿಸುತ್ತಾ ಹೋದೆ: ಐದು, ಆರು, ಮತ್ತೊಂದು, ಎಂಟು. ನಾನು ‘ಮತ್ತೊಂದು’ ಎಂದಾಗಲೆಲ್ಲ ಚಾಚಾ ಎಲ್ಲೋ ಒಂದು ತಪ್ಪಿತೆಂದು ತಿಳಿದು ಮತ್ತೊಂದು ಸುತ್ತು ಹೆಚ್ಚಿಗೆ ಹಾಕುತ್ತಾ ಹೋದರು. ಜೋಡಿಸಿದರೆ ರೇಡಿಯೊ ಗೊರಕೆ ಹೊಡೆಯಿತು. ಎರಡು ದಿನ ತಲೆ ಕೆಡಿಸಿಕೊಂಡು, ಸಂಗತಿ ತಿಳಿದ ಮೇಲೆ, “ಹೇ ಕಾಳಿನ ಸಾವ್ಕಾರ, ನಿನ್ನ ಲಕ್ಷ್ಮೀನ ಉಳಿಸಾಕ ಹೋಗಿ ನನ್ನ ಸೆಟ್ಟು ಕೊಂದೆಲ್ಲೋ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸುರುಳಿಗಳು ಹತ್ತಿರವಿದ್ದರೆ ಹೆಚ್ಚು ಅಗಲಕ್ಕೆ ದನಿ ಬಿಡುತ್ತಿದ್ದವು. ದೂರ ಸರಿಸಿದಷ್ಟೂ ಬಿಡುವ ದಾರಿ ಸಪೂರವಾಗುತ್ತಿತ್ತು. ಪ್ರತಿ ಶುಕ್ರವಾರವೂ ಚಾಚಾ ಒಂದನ್ನು ಕೂದಲೆಳೆಯಷ್ಟು ದೂರ ಸರಿಸುವರು. ಮೊದಲು ಸಾರಂಗಿ ಹೋಯಿತು, ಮುಂದಿನ ವಾರ ಹಾಡುವ ಹೆಂಗಸು. ಹಟಮಾರಿ ತಬಲಾ ಕಡೆಯವರೆಗೆ ಉಳಿಯಿತು.

ಅದೂ ಹೋದ ಶುಕ್ರವಾರ ನಾವಿಬ್ಬರೇ ಇದ್ದೆವು. ಓದುವವನ ದನಿಯೊಂದೇ ಬರುತ್ತಿತ್ತು, ಬಾಯಿಗೆ ಕಂಬಳಿ ಅಡ್ಡ ಇಟ್ಟುಕೊಂಡವರ ಮಾತಿನ ಹಾಗೆ. ನಾಲ್ಕೈದು ಚೀಟಿಗಳಾದ ಮೇಲೆ ಲಿಂಗಸುಗೂರು ಎಂದ. ಚಾಚಾನ ಪೂರ್ತಿ ಹೆಸರು ಹೇಳಿದ. ನಿಮ್ಮ ಮಗ... ಎಂದು ಒಂದು ಹೆಸರು ಓದಿ, ಚೆನ್ನಾಗಿದ್ದಾನೆ, ಚಿಂತೆ ಮಾಡಬೇಡಿ ಎಂದು ಉರ್ದುವಿನಲ್ಲಿ ಹೇಳಿ ಮುಂದಿನ ಚೀಟಿಗೆ ಹೋದ.

ಒಂದೇ ಹೆಸರು.

ಚಾಚಾ ನನ್ನ ಮೊಣಕೈ ಹಿಡಿದರು. “ಯಾರಂದ? ವರ್ಷಾನುಗಟ್ಟಲೆ ಹೆಡ್‌ಫೋನ್ ಹಾಕಿ ನನ್ನ ಕಿವಿ ಹೋಗ್ಯಾವ. ನೀ ಹರೇದಾಂವ. ಹೇಳು, ಯಾರಂದ?”

ನನಗೆ ಕೇಳಿಸಿದ್ದು ‘ಲೀಂ’ ಎಂದಷ್ಟೇ. ಅದಕ್ಕೆ ಮೊದಲಿನ ಅಕ್ಷರ ಆ ಕಂಬಳಿಯೊಳಗೇ ಉಳಿದಿತ್ತು. ಕೇಳಿಸಲಿಲ್ಲ ಎನ್ನಬಹುದಿತ್ತು. ಆದರೆ ಆ ಮುಖ ನೋಡುತ್ತಾ ಹಾಗೆನ್ನಲು ನಾಲಿಗೆ ಏಳಲಿಲ್ಲ.

“ಸಲೀಂ ಅಂದ್ರಿ ಚಾಚಾ,” ಎಂದೆ.

ಯಾಕೆ ಸಲೀಂ? ನಿಜ ಹೇಳಿಬಿಡುತ್ತೇನೆ. ಸಲೀಂ ನನಗೆ ಸೈಕಲ್ ಕಲಿಸಿದವನು. ಹಿಂದಿನಿಂದ ಹಿಡಿದುಕೊಂಡಿದ್ದೇನೆ ಎಂದು ಸುಳ್ಳು ಹೇಳಿ ಕೈ ಬಿಟ್ಟು ನಗುತ್ತಿದ್ದವನು. ಕಲೀಂ ಮಾತು ಕಡಿಮೆ, ಅವನ ಮುಖವೂ ನನಗೆ ಸರಿಯಾಗಿ ನೆನಪಿರಲಿಲ್ಲ. ಇಷ್ಟೇ ಕಾರಣ. ನನಗೆ ಬೇಕಾದವನನ್ನು ನಾನು ಬದುಕಿಸಿದೆ.

ಚಾಚಾ ರೇಡಿಯೊದ ಮೇಲೆ ಅಂಗೈ ಇಟ್ಟರು. ದೇವರಿಗೆ ಶುಕ್ರಿಯಾ ಹೇಳಿದರು. ಅದೇ ಉಸಿರಿನಲ್ಲಿ, “ಅಂದ್ರ ನನ್ನ ಕಲೀಂ ಹೋಗ್ಯಾನ” ಎಂದರು.

ಮುಂದಿನ ಗುರುವಾರ ಕಲೀಮನ ಹೆಸರಿನಲ್ಲಿ ಫಾತಿಹಾ ಓದಿಸಿದರು. ಗೋಡೆಯ ಮೇಲಿಂದ ನಮ್ಮ ಮನೆಗೆ ಒಂದು ತಟ್ಟೆ ಮಲೀದಾ ಬಂತು, ರೊಟ್ಟಿ ಪುಡಿ ಮಾಡಿ ಬೆಲ್ಲ ಬೆರೆಸಿದ್ದು. ಅವ್ವ ಕಣ್ಣಿಗೊತ್ತಿಕೊಂಡು ತಿಂದಳು. ನಾನೂ ತಿಂದೆ.

ವಾರ ಕಳೆದ ಮೇಲೆ ಚಾಚಾ ಆ ತಗಡಿನ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದರು. ಸುರುಳಿಗಳನ್ನು ತಿರುಗಿ ಹತ್ತಿರ ಸರಿಸುತ್ತಾ ಹೇಳಿದರು: “ತಪ್ಪು ಮಾಡೀನಿ ಬೇಟಾ. ಹಳೇ ರೂಢಿ. ಕಟಕಟ ಕೇಳಾಕ ದಾರಿ ಎಷ್ಟು ಸಪೂರ ಇದ್ರೂ ನಡಿತದ. ಮನಷ್ಯಾರ ಮಾತಿಗೆ ಅಗಲ ಬೇಕು. ಸ, ಶ, ಕ ಇಂಥವೆಲ್ಲ ಅಂಚಿನಾಗ ಇರ್ತಾವ. ನಾ ಆ ಅಂಚೇ ಕೊಯ್ದಬಿಟ್ಟಿದ್ದೆ.” ನನ್ನ ಕಡೆ ನೋಡಿದರು. “ಅದರಾಗೂ ನಿನಗ ಕೇಳ್ತಲ್ಲ. ನಿನ್ನ ಕಿವಿ ಚಲೋ ಅದಾವ.”

ಹೇಳಬೇಕಾದ ಹೊತ್ತು ಅದೇ ಆಗಿತ್ತು. ನಾನು ತಲೆ ತಗ್ಗಿಸಿ, ಜೋಳದ ಚೀಲ ಇಳಿಸಬೇಕು ಎಂದು ಎದ್ದು ಬಂದೆ.

ಆಮೇಲೆ ಪ್ರತಿ ಶುಕ್ರವಾರವೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಲಿಂಗಸುಗೂರಿಗೆ ಮತ್ತೆ ಚೀಟಿ ಬರಲಿಲ್ಲ.

ಐವತ್ತಾರರಲ್ಲಿ, ಹೊಸ ರಾಜ್ಯ ಆಗುವ ಮೊದಲಿನ ಬೇಸಿಗೆಯಲ್ಲಿ ಚಾಚಾ ಹಾಸಿಗೆ ಹಿಡಿದರು. ಮಸ್ಕಿಯಲ್ಲಿದ್ದ ತಂಗಿ ಕರೆದುಕೊಂಡು ಹೋದಳು. ನೋಡಲು ಹೋದಾಗ ನನ್ನ ಕೈ ಹಿಡಿದು, “ಸಲೀಂಗ ಈಗ ಮದಿವಿ ಆಗಿರಬೇಕಲ್ಲ?” ಎಂದರು. ಆಗಿರ್ತದ್ರಿ ಎಂದೆ. ಎಂಟು ದಿನಕ್ಕೆ ಸುದ್ದಿ ಬಂತು.

ಹೋದ ತಿಂಗಳು ಆ ಸಿಂಧನೂರಿನಿಂದ ಮರಳುವಾಗ ಬಸ್ಸು ಮಸ್ಕಿಯಲ್ಲಿ ನಿಂತಿತು. ಎಂದೂ ಇಳಿಯದವನು ಇಳಿದೆ. ಕೇಳಿಕೊಂಡು ಕಬರಸ್ತಾನಕ್ಕೆ ಹೋದೆ. ಎಲ್ಲ ಕಡೆ ಹುಲ್ಲು ಬೆಳೆದಿತ್ತು, ಮಣ್ಣಿನ ದಿಬ್ಬಗಳು ಕುಸಿದು ನೆಲಕ್ಕೆ ಸಮನಾಗಿದ್ದವು. ಕಾಯುವವನಿಗೆ ಅಷ್ಟು ಹಳೆಯದು ಗೊತ್ತಿರಲಿಲ್ಲ. ಕೈ ಬೀಸಿ, ಆ ಕಡೀಗೆ ಇರಬೇಕ್ರಿ ಎಂದ. ನಾನು ಆ ಕಡೆಗೆ ಮುಖ ಮಾಡಿ ಚಪ್ಪಲಿ ಬಿಟ್ಟು ನಿಂತೆ. ಬಾಯಿಗೆ ಇಷ್ಟೇ ಬಂತು:

“ಚಾಚಾ, ನನಗ ‘ಸ’ ಕೇಳಿರಲಿಲ್ರಿ.”